ಪೈಲ್ವಾನ ಅಕ್ಷರಗಳ ದಮ್ಮು

ಅಗಸಿ ಎಣ್ಣೆಯ ವಾಸನೆ ಬಂದರೆ ನನಗೆ ಈ ವಯಸ್ಸಿನಲ್ಲೂ ಓದುವ ಆಸೆ ಮತ್ತು ಉಣ್ಣುವ ಆಸೆ ಒಟ್ಟಿಗೆ ಹುಟ್ಟುತ್ತವೆ. ನಮ್ಮ ಅಪ್ಪನ ಅಚ್ಚುಕೂಟದಲ್ಲಿ ಮಸಿ ಕಲಸುತ್ತಿದ್ದುದು ಅಗಸಿ ಎಣ್ಣೆಯಲ್ಲಿ. ಗೋಡೆಯ ಆಚೆ ಬಾಳವ್ವನ ಖಾನಾವಳಿ. ಅಲ್ಲಿ ದಿನಾ ಬೆಳಿಗ್ಗೆ ಅಗಸಿ ಹುರಿದು ಚಟ್ನಿ ಕುಟ್ಟುತ್ತಿದ್ದರು. ಇಬ್ಬರಿಗೂ ಗೋಡೆ ಒಂದೇ, ಅದರಲ್ಲಿ ಸಂದಿಗಳು ಬೇಕಾದಷ್ಟು. ಮಸಿಯ ವಾಸನೆ ಎಲ್ಲಿಗೆ ಮುಗಿದು ಚಟ್ನಿಯ ವಾಸನೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಚಿಕ್ಕಂದಿನಲ್ಲಿ ನನಗೆ ತಿಳಿಯುತ್ತಲೇ ಇರಲಿಲ್ಲ. ಒಮ್ಮೆ ಮಸಿಯ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದ್ದೆನಂತೆ. ಬಾಳವ್ವ ನನ್ನ ಕಪ್ಪು ನಾಲಗೆಯನ್ನು ತನ್ನ ಸೆರಗಿನಿಂದ ಒರೆಸಿ, "ಓದಾಕ ಬರೂಕಿಂತ ಮೊದ್ಲ ಅಕ್ಷರ ನುಂಗೈತಿ ನೋಡು ಕೂಸು" ಎಂದಿದ್ದಳಂತೆ. ಅದೇ ಸಂದಿಗಳಿಂದ ಒಂದು ಸದ್ದೂ ಬರುತ್ತಿತ್ತು. ಪೇಟೆಯಲ್ಲಿ ಮೂಟೆ ಹೊರುವ ಹಮಾಲ ಬಸ್ಯಾ ಮಧ್ಯಾಹ್ನ ಅಲ್ಲಿ ಮೂಲೆಯಲ್ಲಿ ಉಣ್ಣಲು ಕೂತಾಗ, ಉಳ್ಳಾಗಡ್ಡಿಯನ್ನು ಹೆಚ್ಚಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಕೊಡುತ್ತಿದ್ದ. ನಮ್ಮ ಕಡೆಯ ಮಸಿಯ ಡಬ್ಬಿಗಳು ಅಲುಗಾಡುತ್ತಿದ್ದವು.

ನಮ್ಮ ಊರಿನಲ್ಲಿ ಅಕ್ಷರಗಳು ಮಾತಾಡುತ್ತಿದ್ದವು. ಬೆಳಕು ಬಿದ್ದರೆ ಸಾಕು. ಸಣ್ಣ ಅಕ್ಷರಗಳು ಪಿಸುಗುಡುತ್ತಿದ್ದವು, ಕಿವಿ ಹತ್ತಿರ ತಂದರೆ ಮಾತ್ರ ಕೇಳುತ್ತಿತ್ತು. ದಪ್ಪ ಅಕ್ಷರಗಳು ಮಾತ್ರ ಮೂರು ಓಣಿ ಆಚೆಗೂ ಕೇಳುವಂತೆ ಕೂಗುತ್ತಿದ್ದವು. ಊರಿಗೆಲ್ಲ ಆ ದಪ್ಪ ಅಕ್ಷರಗಳ ಅಚ್ಚುಮೊಳೆ ಇದ್ದದ್ದು ನಮ್ಮಲ್ಲೊಂದೇ. ನಮ್ಮ ಅಜ್ಜ ಎಲ್ಲಿಂದಲೋ ತಂದ, ಅಂಗೈ ಅಗಲದ ಸಾಗವಾನಿ ಮೊಳೆಗಳು. ಪೈಲ್ವಾನ ಅಕ್ಷರ ಎಂದು ಜನ ಅವಕ್ಕೆ ಹೆಸರಿಟ್ಟಿದ್ದರು. ನೋಡಲು ಹಾಗೇ ಇದ್ದವು. ಗೆರೆ ಕೆಳಗಿಳಿಯುವಾಗ ತೊಡೆಯ ಹಾಗೆ ಉಬ್ಬಿ, ತಿರುಗುವಲ್ಲಿ ನಡುವಿನ ಹಾಗೆ ಸಣ್ಣಗಾಗಿ, ಮತ್ತೆ ಎದೆಯ ಹಾಗೆ ಉಬ್ಬುತ್ತಿತ್ತು. ಗೆರೆ ಮುಗಿದಲ್ಲೆಲ್ಲ ಒಂದೊಂದು ಚಪ್ಪಟೆ ಪಾದ, ಅಖಾಡದ ಮಣ್ಣಿನಲ್ಲಿ ಕಾಲೂರಿ ನಿಂತವರ ಹಾಗೆ. ತಲೆಕಟ್ಟು ಎಂದರೆ ಹುರಿ ಮಾಡಿದ ಮೀಸೆ. 'ಅ' ಲೋಡಿಗೆ ಒರಗಿ ಕೂತಿತ್ತು. 'ಠ' ಹಾಲು ಬಾದಾಮಿ ಕುಡಿದು ಹೊಟ್ಟೆ ನೀವಿಕೊಳ್ಳುತ್ತಿತ್ತು. 'ಜ' ತೊಡೆ ತಟ್ಟಲು ಕೈ ಎತ್ತಿತ್ತು. ಅವುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಖಾನೆಗಳಲ್ಲಿ ಮಲಗಿಸುವಾಗ ನನಗೆ ಮೈ ತಿಕ್ಕಿ ಸ್ನಾನ ಮಾಡಿಸಿದ ಹಾಗೇ ಅನಿಸುತ್ತಿತ್ತು.

ಇಂಥ ಅಕ್ಷರಗಳ ಜೊತೆ ಬದುಕುವುದು ಊರಿಗೆ ರೂಢಿಯಾಗಿತ್ತು. ಮಧ್ಯಾಹ್ನದ ಊಟ ಮುಗಿದೊಡನೆ ಅಂಗಡಿಯವರು ತಮ್ಮ ಫಲಕಗಳ ಮೇಲೆ ಗೋಣಿ ಪರದೆ ಇಳಿಬಿಡುತ್ತಿದ್ದರು, ಊರು ಸ್ವಲ್ಪ ಕಣ್ಣು ಮುಚ್ಚಲಿ ಎಂದು. ಪರೀಕ್ಷೆಯ ದಿನ ಶಾಲೆಯ ಫಲಕಕ್ಕೆ ಕಂಬಳಿ. ಪೇಟೆಯಲ್ಲಿ ಎದುರುಬದುರು ಇದ್ದ ಎರಡು ಜವಳಿ ಅಂಗಡಿಗಳ ಫಲಕಗಳು ದಿನವಿಡೀ ಒಂದರ ಮೇಲೊಂದು ಕೂಗಾಡುತ್ತಿದ್ದವು. ಅವುಗಳ ಮಾಲೀಕರಿಬ್ಬರು ನಡುವೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಮದುವೆ ಪತ್ರಿಕೆಯಲ್ಲಿ ವಧು ವರರ ಹೆಸರು ಮಾತ್ರ ಪೈಲ್ವಾನ. ಲಕೋಟೆ ಒಡೆದರೆ ಆ ಹೆಸರುಗಳು ಮನೆ ತುಂಬ ಮೊಳಗುತ್ತಿದ್ದವು, ಹೀಗಾಗಿ ತೊಟ್ಟಿಲ ಕೂಸು ಇರುವ ಮನೆಯವರು ಓಣಿಗೆ ಬಂದು ಒಡೆಯುತ್ತಿದ್ದರು. ಸಾವಿನ ಸುದ್ದಿಯನ್ನು ಮಾತ್ರ ಅಪ್ಪ ತೀರಾ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಅದನ್ನು ಕೇಳಲು ಕಾಗದಕ್ಕೆ ಬಾಗಬೇಕಿತ್ತು. ಹಾಗೆ ಬಾಗಿದವರ ಬೆನ್ನ ಮೇಲೆ ಪಕ್ಕದಲ್ಲಿ ನಿಂತವರು ಯಾರೇ ಇರಲಿ ಕೈ ಇಡುತ್ತಿದ್ದರು. ಬಾಳವ್ವನ ಖಾನಾವಳಿಯ ಫಲಕವೂ ಸಣ್ಣ ಅಕ್ಷರದ್ದೇ. 'ಊಟ ಐತಿ, ಬರ್ರಿ' ಎಂದು ಅದು ಪಿಸುಗುಡುವುದನ್ನು ಕೇಳಲು ಬಾಗಿದರೆ ರೊಟ್ಟಿ ಸುಡುವ ವಾಸನೆ ನೇರ ಮೂಗಿಗೆ ಬರುತ್ತಿತ್ತು. ಬಾಗಿದವರು ಹೊರಗೆ ಉಳಿದದ್ದನ್ನು ನಾನು ಕಾಣೆ.

ಅಪ್ಪ ಪೈಲ್ವಾನ ಅಕ್ಷರಗಳಿಗೆ ಮೂರು ನಾಲ್ಕು ಮಾತಿಗಿಂತ ಹೆಚ್ಚು ಹೊರಿಸುತ್ತಿರಲಿಲ್ಲ. ಗಿರಾಕಿ ಎಷ್ಟೇ ಉದ್ದ ಬರೆದು ತರಲಿ, ಅಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಹೊಡೆಯುತ್ತ ಹೊಡೆಯುತ್ತ ಕೊನೆಗೆ 'ಎಮ್ಮೆ ಮಾರಾಟಕ್ಕಿದೆ' ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಗಿರಾಕಿ ಮುಖ ಸಪ್ಪೆ ಮಾಡಿದರೆ, "ಪೈಲ್ವಾನ ಒಬ್ಬನ್ನ ಎತ್ತಿ ಒಗಿಯಾಂವ. ಅವನ ಕಡೆ ಪುರಾಣ ಓದಸಬ್ಯಾಡ್ರಿ" ಎನ್ನುತ್ತಿದ್ದರು.

ಊರಿನ ಸಭೆಯ ಆಜ್ಞೆಗಳು ಅಚ್ಚಾಗುತ್ತಿದ್ದುದೂ ಇದೇ ಅಕ್ಷರಗಳಲ್ಲಿ. ಅದಕ್ಕೊಂದು ಹಳೆಯ ಪದ್ಧತಿ ಇತ್ತು. ಆಜ್ಞೆಯನ್ನು ಸೂರ್ಯ ಹುಟ್ಟುವಾಗ ಸಭೆಯ ಕಚೇರಿಯ ಗೋಡೆಗೆ ಹಚ್ಚಬೇಕು. ಅದು ದಿನವಿಡೀ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಸೂರ್ಯ ಮುಳುಗುವಾಗ, ಕೊನೆಯ ಬಾರಿಗೆ, ಮೊದಲಿಂದ ತುದಿಯವರೆಗೆ ದನಿ ಒಡೆಯದೆ ಹೇಳಿದರೆ ಅದು ಕಾಯಿದೆ. ಹೇಳಲಾಗದಿದ್ದರೆ ಬಿದ್ದುಹೋಯಿತು, ಆ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ಸಂಜೆಯವರೆಗೆ ಬಾಳದ ಮಾತಿಗೆ ವರ್ಷಗಟ್ಟಲೆ ತಲೆಬಾಗುವುದು ಯಾಕೆ ಎಂಬುದು ಹಿರಿಯರ ಲೆಕ್ಕಾಚಾರ. ಕೇಳಿ ತೀರ್ಪು ಹೇಳಲು ಒಬ್ಬರಿದ್ದರು, ಹುಸೇನಜ್ಜ. ಕಣ್ಣು ಕಾಣದ ಹಿರಿಯರು. ಪೇಪರಿನವನು ದಿನಾ ಬೆಳಿಗ್ಗೆ ಅವರ ಕಟ್ಟೆಯ ಮುಂದೆ ಸೈಕಲ್ಲು ನಿಲ್ಲಿಸಿ, ಪೇಪರನ್ನು ಬಿಸಿಲಿಗೆ ಹಿಡಿದು, ತಲೆಬರಹಗಳೆಲ್ಲ ಕೂಗಿ ಮುಗಿಸುವವರೆಗೆ ಕಾದು, ಮಡಚಿಕೊಂಡು ಹೋಗುತ್ತಿದ್ದ. ಆಜ್ಞೆ ಕೇಳುವ ದಿನ ಹುಸೇನಜ್ಜ ಏನೂ ತಿನ್ನುತ್ತಿರಲಿಲ್ಲ. ಅಗಿಯುವ ಸದ್ದು ಕಿವಿಗೆ ಅಡ್ಡ ಬರುತ್ತದೆ ಎನ್ನುತ್ತಿದ್ದರು. 'ನಾಳೆ ನೀರಿಲ್ಲ', 'ಕೆರೆಯಲ್ಲಿ ಎಮ್ಮೆ ತೊಳೆಯಬಾರದು', ಇಂಥ ಚಿಕ್ಕ ಆಜ್ಞೆಗಳೇ ಇದ್ದುದರಿಂದ ನನ್ನ ಕಾಲದಲ್ಲಿ ಒಂದಾದರೂ ಬಿದ್ದದ್ದಿಲ್ಲ.

ನಾನು ಬಿ.ಎ. ಮುಗಿಸಿ ಬಂದು ಅಪ್ಪನ ಜೊತೆ ಮೊಳೆ ಜೋಡಿಸಲು ನಿಂತ ವರ್ಷ ಅಡಿವೆಪ್ಪನವರು ಸಭೆಯ ಅಧ್ಯಕ್ಷರಾದರು. ಹತ್ತಿ ವ್ಯಾಪಾರದಲ್ಲಿ ಮೇಲೆ ಬಂದವರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಸದಾ ಒಂದು ಮಡಚಿದ ಛತ್ರಿ. ಅಧ್ಯಕ್ಷರಾದೊಡನೆ ಅವರು ಬಡಗಿಯಿಂದ ಬಾಗಿಲಷ್ಟು ಎತ್ತರದ ಪೈಲ್ವಾನ ಅಕ್ಷರಗಳನ್ನು ಕೊರೆಸಿ, 'ಅಧ್ಯಕ್ಷ ಅಡಿವೆಪ್ಪ' ಎಂದು ಕಚೇರಿಯ ಮಾಳಿಗೆಯ ಮೇಲೆ ನಿಲ್ಲಿಸಿದರು. ಕಚೇರಿಯ ಮಗ್ಗುಲಲ್ಲೇ ಬಾಳವ್ವನ ಖಾನಾವಳಿ. ಅವಳು ಬೆಳಿಗ್ಗೆ ಒಲೆ ಹೊತ್ತಿಸಿದಳು. ಹೊಗೆ ಮೇಲೆ ಹೋಯಿತು. ಊರೆಲ್ಲ ನೋಡುತ್ತಿರುವಾಗ ಆ ಭಾರೀ ಹೆಸರು, "ಅಧ್ಯಕ್ಷ ಅಡಿ, ಖೊಕ್, ವೆ, ಖೊಕ್ ಖೊಕ್" ಎಂದು ಕೆಮ್ಮತೊಡಗಿತು. ಪೇಟೆಯ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಗಂಡಸರು ಹಚ್ಚಿಕೊಳ್ಳದೆ ನಕ್ಕರು.

ಮರುದಿನ ಅಡಿವೆಪ್ಪನವರು ಗುಮಾಸ್ತ ಚಿದಂಬರಯ್ಯನನ್ನು ಕರೆದುಕೊಂಡು ನಮ್ಮ ಅಚ್ಚುಕೂಟಕ್ಕೆ ಬಂದರು. ಬಾಳವ್ವನ ಖಾನಾವಳಿ ಎತ್ತಿಸಬೇಕು, ಆಜ್ಞೆ ಅಚ್ಚು ಹಾಕಿ ಎಂದರು. ಅಪ್ಪನ ಮುಖ ಇಳಿಯಿತು. ಅಮ್ಮ ಹೋದ ಮೇಲೆ ನಾವಿಬ್ಬರೂ ದಿನಾ ಮಧ್ಯಾಹ್ನ ಉಣ್ಣುತ್ತಿದ್ದುದು ಅಲ್ಲೇ. ಆದರೆ ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಬರೆದರು. "ಬಾಳವ್ವನ ಖಾನಾವಳಿ ತೆರವು. ಇಷ್ಟ ಸಾಕ್ರಿ. ಮೂರು ಮಾತು, ಸಂಜಿಮಟ ಗಟ್ಟಿ ನಿಲ್ಲತಾವು" ಎಂದರು. ಹೇಳುವಾಗ ಗೋಡೆಯ ಕಡೆ ನೋಡಲಿಲ್ಲ.

ಆ ಮೂರು ಮಾತು ನಿಜಕ್ಕೂ ನಿಲ್ಲುತ್ತಿದ್ದವು. ಬಾಯಿ ತಾನಾಗಿ ತೆರೆಯಿತು. "ಬರೇ ತೆರವು ಅಂದ್ರ, ಯಾರು ತೆರವು ಮಾಡಸಾಕತ್ತಾರ ಅಂತ ಮಂದಿಗೆ ಹೆಂಗ ಗೊತ್ತಾಗಬೇಕ್ರಿ ಅಧ್ಯಕ್ಷರ?"

ಅಡಿವೆಪ್ಪನವರು ನನ್ನ ಕಡೆ ತಿರುಗಿದರು. "ಖರೇ ಐತಿ ನೋಡ್ರಿ. ಓದಿದ ಹುಡುಗಿ. ನನ್ನ ಹೆಸರು ಹಾಕ್ರಿ."

"ಬರೇ ಹೆಸರ ಏನ್ರಿ? ಊರಾಗ ಗಾಣದ ಅಡಿವೆಪ್ಪ ಅದಾನ, ಎಮ್ಮಿ ಅಡಿವೆಪ್ಪ ಅದಾನ..."

"ಎಮ್ಮಿ ಅಡಿವೆಪ್ಪಂದು ಅಂತ ತಿಳಕೊಂಡ್ರ ಮರ್ಯಾದಿ ಏನು ಉಳೀತು?" ಚಿದಂಬರಯ್ಯ ತಲೆ ಆಡಿಸಿದ. "ಜನಾನುರಾಗಿ ಅಂತ ಹಚ್ರಿ ಮುಂದ."

"ಜನಾನುರಾಗಿ," ಎಂದು ನಾನು ಬರೆದುಕೊಂಡೆ. "ಕೊಡುಗೈ ದಾನಿ ಅನ್ನೂದು?"

"ಅದನ್ನ ನಾವ ಹೇಳ್ಕೊಬಾರದು," ಎಂದರು ಅಡಿವೆಪ್ಪನವರು. ಪಂಚೆಯ ಮಡಿಕೆ ಸರಿಮಾಡಿಕೊಂಡು, "ಅಕ್ಷರ ಹೇಳಿದ್ರ ನಡೀತೈತಿ" ಎಂದರು.

ಕೆರೆಯ ಹೂಳು ತೆಗೆಸಿದ ಕೀರ್ತಿ ಸೇರಿತು. ಅಖಾಡಕ್ಕೆ ಮಣ್ಣು ಹಾಕಿಸಿದ ಔದಾರ್ಯ ಸೇರಿತು. ಅಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಆಮೇಲೆ ಕೆಮ್ಮಿದರು, ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು. "ಅಧ್ಯಕ್ಷರ, ಹೇಳೂದು ನನ್ನ ಕೆಲಸ, ಹೇಳತೀನಿ. ಇವು ತಲಿಬರಹದ ಅಕ್ಷರ. ಇಷ್ಟುದ್ದ ಎಳಿಯೂದಿಲ್ಲ, ದಮ್ಮು ಕಟ್ಟತೈತಿ. ಮೂರ ಮಾತು ಹಚ್ರಿ, ನಿಮ್ಮ ಕೆಲಸ ಆಕ್ಕೈತಿ."

ಅಡಿವೆಪ್ಪನವರು ಛತ್ರಿಯನ್ನು ನೆಲಕ್ಕೆ ಊರಿದರು. "ನನ್ನ ಹೆಸರು ಹೊರಾಕ ದಮ್ಮಿಲ್ಲಂದ್ರ ಅದು ಎಂಥಾ ಪೈಲ್ವಾನ್ರಿ? ಹಚ್ರಿ."

ಇನ್ನೂ ಒಂದು ಹಾಳೆ ಉದ್ದವಾಗಲಿ ಎಂದು ನಾನು ಹೇಳಿದೆ, "ತಂದಿಯವರ ಹೆಸರು ಬ್ಯಾಡೇನ್ರಿ?"

ಅವರು ಮೊಳೆಗಳ ಖಾನೆಯ ಹತ್ತಿರ ಹೋಗಿ, ಯಾವುದೋ ಒಂದನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಪಾದಗಳನ್ನು ಸವರಿದರು. "ಬರಕೋ ತಂಗಿ. ಶ್ರೀಮಾನ್ ಬಸಲಿಂಗಪ್ಪನವರ ಜ್ಯೇಷ್ಠ ಪುತ್ರ." ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಾಗಿ ಕೇಳಬೇಕಾಯಿತು.

"ನಿಮಗ ತಮ್ಮಂದಿರು ಇಲ್ಲಲ್ರಿ?" ಎಂದರು ಅಪ್ಪ.

"ಇರಲಿ ಬಿಡ್ರಿ. ತುಂಬಿದಂಗ ಕಾಣತೈತಿ."

ಅವರು ಹೋದ ಮೇಲೆ ಅಪ್ಪ ನನ್ನನ್ನೇ ನೋಡುತ್ತ ನಿಂತರು. "ನೀ ಮಾಡಿದ್ದು ನನಗ ತಿಳೀಲಿಲ್ಲ ಅನಕೋಬ್ಯಾಡ ಸರೋಜಾ."

"ನಾ ಏನ್ ಮಾಡ್ದೆ? ಗಿರಾಕಿ ಹೇಳಿದ್ದು ಬರಕೊಂಡೆ."

ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. ಟವೆಲ್ಲು ತೆಗೆದಾಗ ಮುಖ ಮತ್ತೆ ಗಂಭೀರ. "ಚಲೋತ್ನಂಗ ಅಚ್ಚು ಹಾಕು. ಮಸಿ ಕಡಿಮಿ ಮಾಡಿದ್ಯೋ ನೋಡು. ಸೋತ್ರ ನ್ಯಾಯವಾಗಿ ಸೋಲಬೇಕು" ಎಂದರು.

ನ್ಯಾಯವಾಗಿಯೇ ಹಾಕಿದೆ. ನಮ್ಮಲ್ಲಿ ಇದ್ದ ಪೈಲ್ವಾನ ಮೊಳೆಗಳು ಒಂದು ಸಾಲಿಗಷ್ಟೇ ಸಾಕಾಗುತ್ತಿದ್ದವು. ಒಂದು ಸಾಲು ಜೋಡಿಸಿ, ಒಂದು ಹಾಳೆಗೆ ಒತ್ತಿ, ಮೊಳೆ ಬಿಚ್ಚಿ, ಮುಂದಿನ ಸಾಲು. ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿದೆ. ಗೋಡೆಗೆ ಒಂದರ ಕೆಳಗೊಂದು ಹಚ್ಚಿದರೆ ಆಜ್ಞೆ ಪೂರ್ತಿ. ಮಧ್ಯಾಹ್ನ ಕೆಲಸ ಬಿಟ್ಟು ಏಳಲಾಗಲಿಲ್ಲವೆಂದು ಬಾಳವ್ವನೇ ಬುತ್ತಿ ಹಿಡಿದು ಬಂದಳು. ನೆರಳಿನಲ್ಲಿ ಹಾಳೆಗಳು ನಿದ್ದೆಯಲ್ಲಿದ್ದವರ ಹಾಗೆ ಗೊಣಗುತ್ತಿದ್ದವು. ಅವಳಿಗೆ ಓದು ಬಾರದು. ಒಂದು ಹಾಳೆಯ ಎದುರು ನಿಂತುಬಿಟ್ಟಳು.

"ಇದು ನನ್ನ ಹೆಸರು ಅಂತೈತಲ್ಲ ಕೂಸ?"

"ಹೌದತ್ತಿ."

"ಯಾವುದು, ತೋರಸು."

ತೋರಿಸಿದೆ. ಅವಳು 'ಬಾ' ಅಕ್ಷರದ ಹೊಟ್ಟೆಯ ಮೇಲೆ ಬೆರಳಾಡಿಸಿದಳು. ಹಸಿ ಮಸಿ ಹತ್ತಿತು. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು. "ಎಷ್ಟು ಮೈ ತುಂಬಿಕೊಂಡೈತಿ. ಛಂದ ಐತಿ ಬಿಡು" ಎಂದಳು. ಬುತ್ತಿ ಬಿಚ್ಚುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. "ತಮ್ಮನ ಮನಿಗೆ ಹೋಗಬೇಕು ಇನ್ನ. ಅವನ ಹೆಂಡ್ತಿ ಒಲಿ ಮುಂದ ನಾ ಕುಂತ್ರ ಆಕಿಗೆ ಸೇರೂದಿಲ್ಲ. ಒಲಿ ಇಲ್ಲದ ನಾ ಏನ್ ಮಾಡ್ಲಿ, ಕೈ ಕಟಕೊಂಡು ಕುಂದ್ರೂದು." ಅಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಕ್ಷರಗಳ ದಮ್ಮಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಆಸೆ ತೋರಿಸಿ ಆಮೇಲೆ ಆಗದಿದ್ದರೆ ಏನು ಗತಿ ಎಂದು ಭಯ.

ಮರುದಿನ ಸೂರ್ಯ ಹುಟ್ಟಿದ. ಕಚೇರಿಯ ಗೋಡೆಯ ಮೇಲೆ ಬಿಸಿಲು ಬಿದ್ದದ್ದೇ ತಡ, ಆಜ್ಞೆ ಗುಡುಗಿತು. ಮಾಳಿಗೆಯಲ್ಲಿ, ಅಂದು ಗೋಣಿ ಹೊದಿಸಿದ್ದ ದೊಡ್ಡ ಹೆಸರಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. 'ಜನಾನುರಾಗಿಗಳೂ, ಕೊಡುಗೈ ದಾನಿಗಳೂ, ಕೆರೆಯ ಹೂಳೆತ್ತಿಸಿದ ಕೀರ್ತಿವಂತರೂ, ಅಖಾಡಕ್ಕೆ ಮಣ್ಣು ಹಾಕಿಸಿದ ಉದಾರಿಗಳೂ, ಶ್ರೀಮಾನ್ ಬಸಲಿಂಗಪ್ಪನವರ ಜ್ಯೇಷ್ಠ ಪುತ್ರರೂ ಆದ ಅಧ್ಯಕ್ಷ ಅಡಿವೆಪ್ಪನವರ ಆಜ್ಞೆ: ಬಾಳವ್ವನ ಖಾನಾವಳಿ ತೆರವು.' ಒಮ್ಮೆ ಮುಗಿದೊಡನೆ ಮತ್ತೆ ಮೊದಲಿಂದ. ಹುಸೇನಜ್ಜ ಗೋಡೆಯ ಎದುರು ಸ್ಟೂಲಿನ ಮೇಲೆ ಕೋಲು ಊರಿಕೊಂಡು ಕೂತಿದ್ದರು. ಅವರ ತಲೆಯ ಮೇಲೆ ಬಿಸಿಲು ಬಂದಾಗ ಯಾರೋ ಒಬ್ಬಳು ತನ್ನ ಛತ್ರಿ ಬಿಚ್ಚಿ ಸ್ಟೂಲಿಗೆ ಕಟ್ಟಿ, ತಾನು ಸೆರಗು ಹೊದ್ದು ಹೋದಳು. ಜನ ಚಾಪೆ ತಂದು ಹಾಸಿಕೊಂಡರು. ಅಡಿವೆಪ್ಪನವರು ಮುಂದೆ ನಿಂತು, ಪ್ರತಿ ಬಿರುದಿಗೂ ತಲೆದೂಗುತ್ತಿದ್ದರು.

ಹೊತ್ತು ಏರಿದಂತೆ ಅಕ್ಷರಗಳು ಬೆವರತೊಡಗಿದವು. ಮಸಿ ಹನಿಹನಿಯಾಗಿ ಪಾದಗಳ ಹತ್ತಿರ ನಿಂತಿತು. ಕೀರ್ತಿವಂತರ ಹತ್ತಿರ ಬಂದಾಗ ಒಂದು ಸಣ್ಣ ಏದುಸಿರು ಕೇಳಿತು. ಇನ್ನೊಂದು ಸುತ್ತಿನಲ್ಲಿ ಔದಾರ್ಯದ ಹತ್ತಿರ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋದವು. ಊಟದ ಹೊತ್ತಿಗೆ ಬಸಲಿಂಗಪ್ಪನವರಿಗೆ ಬಂದು ಕುಸಿದುಬಿಟ್ಟವು. ತುಸು ಹೊತ್ತು ಗೊರಗೊರ ಸದ್ದು. ಮತ್ತೆ ಮೊದಲಿಂದ 'ಜನಾನು...' ಎಂದು ಎದ್ದವು.

"ದಮ್ಮು ಕಟ್ಟೇತಿ," ಎಂದ ಗಾಣದ ಅಡಿವೆಪ್ಪ.

"ಓಮಿನ ಕಾಳು ತಿನ್ನಸ್ರಿ."

"ಗೋಡಿಗೆ ಎಲ್ಲಿ ಬಾಯಿ ಐತೋ?"

"ಇದ್ದದ್ದಕ್ಕ ಅಲ್ಲೇನೋ ಮುಂಜಾನಿಂದ ಬಡಕೊಳ್ಳಾಕತ್ತೈತಿ?"

ಚಿದಂಬರಯ್ಯ ಬೀಸಣಿಕೆ ತಂದು ಗೋಡೆಗೆ ಗಾಳಿ ಹಾಕಿದ. ಅಖಾಡದಿಂದ ನಿಜವಾದ ಪೈಲ್ವಾನರು ಬಂದು ಕೂತು, "ಭಲೇ, ಏಳು, ಏಳು" ಎಂದು ಹುರಿದುಂಬಿಸಿದರು. ಅಡಿವೆಪ್ಪನವರು ಅಕ್ಷರಗಳ ಜೊತೆ ತಾವೂ ದನಿ ಕೂಡಿಸತೊಡಗಿದರು, ಅವು ಎಲ್ಲಿ ನಿಂತರೆ ಅಲ್ಲಿಂದ ಎತ್ತಿಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವರ ಗಂಟಲೂ ಕೂತುಹೋಯಿತು. ತಾವು ಕೊಡುಗೈ ದಾನಿ ಎಂದು ಸ್ವತಃ ಊರ ಮುಂದೆ ಒರಲಿಕೊಳ್ಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಪ್ಪ ಮತ್ತೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಬಾಳವ್ವ ಮಾತ್ರ ಅಂದು ಒಲೆ ಹೊತ್ತಿಸಿರಲಿಲ್ಲ, ಹೊಗೆಯಿಂದ ಅಕ್ಷರಗಳಿಗೆ ಅಡಚಣೆಯಾಯಿತೆಂಬ ಮಾತು ಬರಬಾರದು ಎಂದು. ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಹೊತ್ತು ಇಳಿಯುವಾಗ ಚಿದಂಬರಯ್ಯನಿಗೆ ಒಂದು ಯೋಚನೆ ಹೊಳೆಯಿತು. "ಹುಸೇನಜ್ಜಾರ, ಹಚ್ಚಿದ ಹಾಳಿ ತಗೀಬಹುದೇನ್ರಿ?"

"ತಗೀಬಹುದು," ಎಂದರು ಹುಸೇನಜ್ಜ. "ಹೊಸಾದು ಸೇರಸಾಕ ಬರೂದಿಲ್ಲ. ಉಳಿದ ಮಾತು ತುದಿಮುಟ್ಟ ಕೇಳಿದ್ರ ಸಾಕು."

ನನ್ನ ನಗು ಅಲ್ಲೇ ಒಣಗಿತು. ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಮೇಲಿನ ಹಾಳೆಗಳನ್ನು ಕಿತ್ತರೆ ಅಡಿಯಲ್ಲಿ ಉಳಿಯುವುದು ಅಪ್ಪ ಮೊದಲು ಬರೆದ ಅದೇ ಮೂರು ಮಾತು. ಅಪ್ಪನೂ ಟವೆಲ್ಲು ಕೆಳಗಿಳಿಸಿದರು.

ಏಣಿ ತಂದರು. ಅಡಿವೆಪ್ಪನವರು ಬೇರೆಯವರನ್ನು ಹತ್ತಗೊಡಲಿಲ್ಲ, ತಾವೇ ಪಂಚೆ ಎತ್ತಿ ಕಟ್ಟಿ ಹತ್ತಿದರು. ಜನಾನುರಾಗಿಯ ಮುಂದೆ ತುಸು ಹಿಂದೆಮುಂದೆ ನೋಡಿ ಕಿತ್ತರು. "ಅದು ಹೋದದ್ದ ಛಲೋ ಆತು. ಅದನ್ನ ಅನ್ನುವಾಗ ಅಕ್ಷರ ತೊದಲಾಕತ್ತಿದ್ವು" ಎಂದಿತು ಚಾಪೆಯ ಕಡೆಯಿಂದ ಒಂದು ದನಿ. ದಾನಿ ಹೋಯಿತು. ಕೆರೆ ಹೋಯಿತು. ಅಖಾಡದ ಮಣ್ಣು ಹೋಗುವಾಗ ನಿಜವಾದ ಪೈಲ್ವಾನರು ಮುಖ ತಿರುಗಿಸಿಕೊಂಡರು. ಒಂದೊಂದು ಹಾಳೆ ಬಿದ್ದಂತೆಲ್ಲ ಅಕ್ಷರಗಳ ಉಸಿರು ಸುಧಾರಿಸುತ್ತಿತ್ತು. ಆದರೂ ಬಸಲಿಂಗಪ್ಪನವರನ್ನು ದಾಟಿದ ಮೇಲೆ ಮುಗ್ಗರಿಸುತ್ತಲೇ ಇದ್ದವು. ಮುಂಜಾನೆಯಿಂದ ಕೂಗಿ ಸೋತಿದ್ದವಲ್ಲ. ಸೂರ್ಯ ಕೆರೆಯ ಏರಿಯ ಮೇಲೆ ಬಂದು ಕೂತಿದ್ದ.

ಆಗ ಅಡಿವೆಪ್ಪನವರು ತಮ್ಮ ಸ್ವಂತ ಹೆಸರಿನ ಹಾಳೆಯನ್ನೇ ಕಿತ್ತರು. ಚಾಪೆಗಳ ಮೇಲೆ ಯಾರೂ ನಗಲಿಲ್ಲ. ಆ ಮನುಷ್ಯ ತನ್ನ ಹೆಸರನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ಎಲ್ಲರೂ ನೋಡಿದರು.

ಈಗ ಗೋಡೆಯ ಮೇಲೆ ಎರಡೇ ಹಾಳೆ. "ಇದೊಂದು ತಗೀರಿ, ಮುಗೀತು," ಎಂದ ಚಿದಂಬರಯ್ಯ ಏಣಿ ಹಿಡಿದುಕೊಂಡು. "ಮೂರು ಮಾತು ಉಳೀತಾವು. ಎಷ್ಟ ಸೋತಿರಲಿ, ಮೂರು ಮಾತು ಅಂತಾವು."

ಅಡಿವೆಪ್ಪನವರು ಆ ಹಾಳೆಯ ಮೇಲೆ ಅಂಗೈ ಇಟ್ಟರು. ಅವರ ಕೈಯ ಕೆಳಗಿಂದ ಅಕ್ಷರಗಳು ದಣಿದ ದನಿಯಲ್ಲಿ, ಆದರೆ ಒಂದೊಂದನ್ನೂ ಬಿಡಿಸಿ, "ಶ್ರೀಮಾನ್ ಬಸಲಿಂಗಪ್ಪನವರ" ಎಂದವು. ನನ್ನ ಪಕ್ಕದಲ್ಲಿ ಅಪ್ಪ ನಿಧಾನಕ್ಕೆ ಹೇಳಿದರು. "ನಮ್ಮ ಹಮಾಲ ಬಸ್ಯಾನ ಪೂರಾ ಹೆಸರು ಇದೇನ? ಇಷ್ಟು ವರ್ಷಕ್ಕ ನನಗ ಇವತ್ತ ಗೊತ್ತಾತು ನೋಡು."

ನನಗೂ ಆಗಲೇ ಗೊತ್ತಾದದ್ದು. ಪೇಟೆಯಲ್ಲಿ ಆತನನ್ನು ಎಲ್ಲರೂ "ಏ ಬಸ್ಯಾ" ಎಂದೇ ಕರೆಯುತ್ತಿದ್ದರು. ಹತ್ತಿ ಅಂಡಿಗೆ ಹೊತ್ತು ಬೆನ್ನು ಬಾಗಿ, ಒಂದು ದಿನ ಉಣ್ಣಲು ಬರುವುದನ್ನು ನಿಲ್ಲಿಸಿದ ಮೇಲೆ ಅಷ್ಟನ್ನೂ ಕರೆಯುವವರಿರಲಿಲ್ಲ. ಮಗ ಅಡಿವೆಪ್ಪ ದೊಡ್ಡವನಾಗಿ ಹತ್ತಿ ಅಂಗಡಿ ಇಟ್ಟ, ಪಂಚೆಗೆ ಇಸ್ತ್ರಿ ಬಂತು, ತಂದೆಯ ಮಾತನ್ನು ಊರು ಎತ್ತುವುದನ್ನೇ ಬಿಟ್ಟಿತು. ಆ ಹೆಸರಿನ ಮೊದಲಿಗೆ 'ಶ್ರೀಮಾನ್' ಎಂದು, ಕೊನೆಗೆ 'ಅವರ' ಎಂದು ಸೇರಿ ಬಂದದ್ದನ್ನು ನಮ್ಮೂರು ಕೇಳಿದ್ದು ಅಂದೇ ಮೊದಲು, ಅದೂ ಮೂರು ಓಣಿಗೆ ಕೇಳುವಂತೆ. ನಾನು ಹಾಳೆ ಉದ್ದ ಮಾಡಲು ಕೇಳಿದ ಪ್ರಶ್ನೆ ಅದು. ಅವರು ಬಹುಶಃ ಬಹಳ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದರು.

"ಹರೀರಿ ಸಾಹೇಬ್ರ, ಹೊತ್ತು ಹೊಂಟೈತಿ," ಎಂದ ಚಿದಂಬರಯ್ಯ.

ಅಡಿವೆಪ್ಪನವರ ಬೆರಳುಗಳು ಹಾಳೆಯ ಅಂಚಿಗೆ ಹೋದವು. ಗಾಳಿಗೆ ಬಿಟ್ಟುಕೊಂಡಿದ್ದ ಒಂದು ಮೂಲೆಯನ್ನು ಹಿಡಿದವು. ಬಾಳವ್ವ ಬಾಗಿಲಲ್ಲಿ ಎದ್ದು ನಿಂತಳು. ಅವರು ಆ ಮೂಲೆಯನ್ನು ಗೋಡೆಗೆ ಒತ್ತಿ, ಅಂಟು ಹಿಡಿಯುವವರೆಗೆ ಹಾಗೇ ಹಿಡಿದು, ಬರಿಗೈಯಲ್ಲಿ ಕೆಳಗಿಳಿದರು.

"ಇರಲಿ," ಎಂದರು. ಗಂಟಲಲ್ಲಿ ದನಿಯೇ ಇರಲಿಲ್ಲ.

ಹುಸೇನಜ್ಜ ಎದ್ದು ಕೋಲು ಎತ್ತಿದರು. ಜವಳಿ ಅಂಗಡಿಯವರು ಓಡಿಹೋಗಿ ತಮ್ಮ ಫಲಕಗಳಿಗೆ ಪರದೆ ಎಳೆದರು. ಊರು ಕಿವಿಯಾಗಿ ನಿಂತಿತು. ಕೊನೆಯ ಕೆಂಬಿಸಿಲಿನಲ್ಲಿ ಅಕ್ಷರಗಳು ಪಾದ ಊರಿ ಎದ್ದವು, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಮುಂಜಾನೆಯ ಗುಡುಗಿನಷ್ಟೇ ಗಟ್ಟಿಯಾಗಿ, "ಶ್ರೀಮಾನ್ ಬಸಲಿಂಗಪ್ಪನವರ" ಎಂದವು. ಜ್ಯೇಷ್ಠ ಪುತ್ರನ ಹತ್ತಿರ ದನಿ ಸಣ್ಣದಾಯಿತು. ಬಾಳವ್ವನ ಹೆಸರಿನ 'ಬಾ' ಒಂದು ಆಕಳಿಕೆಯ ಹಾಗೆ ತೆರೆದುಕೊಂಡು, ಹಾಗೇ ಮುಚ್ಚಿಕೊಂಡಿತು. ಸೂರ್ಯ ಇಳಿದ.

"ಪೂರಾ ಕೇಳಲಿಲ್ಲ," ಎಂದರು ಹುಸೇನಜ್ಜ. "ಆಜ್ಞೆ ಬಿತ್ತು." ಎತ್ತಿದ ಕೋಲು ಇಳಿಸಿ, ಅದು ತೀರ್ಪಿನ ಭಾಗವೋ ಅಲ್ಲವೋ, ಇಷ್ಟು ಸೇರಿಸಿದರು. "ಆದ್ರ ಹೆಸರು ಛಲೋ ಕೇಳ್ತು."

ಜನ ಚಾಪೆ ಸುತ್ತಿಕೊಂಡು ಒಬ್ಬೊಬ್ಬರೇ ಎದ್ದರು. ಹೋಗುವಾಗ ಗಾಣದ ಅಡಿವೆಪ್ಪ ಏಣಿಯನ್ನು ತಾನೇ ಹೊತ್ತು ಕಚೇರಿಯ ಒಳಗಿಡಲು ಬಂದವನು, ಅದರ ಕೆಳಗಿನ ಮೆಟ್ಟಿಲ ಮೇಲೆ ಅಧ್ಯಕ್ಷರು ಕೂತಿರುವುದನ್ನು ನೋಡಿ, ನಾಳೆ ಒಯ್ದರಾಯಿತು ಎಂದು ಹೊರಟುಹೋದ. ಗೋಡೆಯ ಮೇಲಿನ ಆ ಎರಡು ಹಾಳೆಗಳನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಮುಂದೆ ಎಷ್ಟೋ ದಿನ ಮೇಲಿನ ಹಾಳೆ ಅಲ್ಲೇ ಇತ್ತು, ಕೆಳಗಿನದು ಮರುದಿನವೇ ಕಾಣೆಯಾಯಿತು. ನಮ್ಮ ಮೊಳೆಗಳಂತೂ ಒಂದು ವಾರ ಯಾವ ಕೆಲಸಕ್ಕೂ ಎದ್ದೇಳಲಿಲ್ಲ. ಅಪ್ಪ ಅವುಗಳಿಗೆ ಎಣ್ಣೆ ಹಚ್ಚಿ ಬಿಳಿ ಬಟ್ಟೆ ಹೊದಿಸಿದರು.

ಆದರೆ ಅದಕ್ಕೂ ಮೊದಲು, ಅದೇ ಸಂಜೆ, ಬಾಳವ್ವನ ಒಲೆಯಿಂದ ಹೊಗೆ ಎದ್ದಿತು. ಮಾಳಿಗೆಯ ಮೇಲಿನ ದೊಡ್ಡ ಹೆಸರಿಗೆ ಆಗ ಬೆಳಕಿರಲಿಲ್ಲ, ಕೆಮ್ಮಲಿಲ್ಲ. ಅಗಸಿ ಹುರಿದ ವಾಸನೆ ಬಂತು. ಅಪ್ಪ, ನಾನು, ಹುಸೇನಜ್ಜ ನಮ್ಮ ಅಚ್ಚುಕೂಟದ ಕಟ್ಟೆಯ ಮೇಲೆ ಕೂತಿದ್ದೆವು. ಗೋಡೆಯ ಆಚೆ ಒಂದು ಗುದ್ದಿನ ಸದ್ದಾಯಿತು, ಬಹಳ ವರ್ಷಗಳ ಹಿಂದೆ ಕೇಳುತ್ತಿದ್ದಂಥದ್ದು, ಅಷ್ಟು ಜೋರಿಲ್ಲ. ಬಾಳವ್ವ ಎರಡು ತಾಟು ಹಿಡಿದು ಬಂದಳು. ಒಂದನ್ನು ದಿನವಿಡೀ ಉಪವಾಸವಿದ್ದ ಹುಸೇನಜ್ಜನ ಕೈಗೆ ಕೊಟ್ಟಳು. ಎರಡನೆಯದು ನನಗೆ ಇರಬೇಕೆಂದು ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನು ದಾಟಿ ಮುಂದೆ ಹೋದಳು.

ಅಡಿವೆಪ್ಪನವರು ಏಣಿಯ ಮೆಟ್ಟಿಲ ಮೇಲೆ ಹಾಗೇ ಕೂತಿದ್ದರು. ತಾಟಿನಲ್ಲಿ ಬಿಸಿ ರೊಟ್ಟಿ, ಅಗಸಿ ಚಟ್ನಿ, ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ. ಅವರು ಆ ಉಳ್ಳಾಗಡ್ಡಿಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಬಾಳವ್ವ ತಾಟನ್ನು ಅವರ ಕೈಗಳಲ್ಲಿ ಇಟ್ಟು, ಅವರು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ತನ್ನ ಕೈ ಬಿಟ್ಟಳು.